ಹಳೆ ಟಾಟಾ 407 ಕ್ಯಾಬಿನ್ನಿಗೆ ಟೂ-ಪ್ಯಾಕ್ ಎಪಾಕ್ಸಿ ಪ್ರೈಮರ್: ರೆಡ್ ಆಕ್ಸೈಡ್ ಬಿಟ್ಟು ಇದನ್ನು ಕೊಳ್ಳಬೇಕೆ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ನಿಮ್ಮೂರಿನ ಬಣ್ಣದ ಅಂಗಡಿಯಲ್ಲಾಗಲಿ "407 ಕ್ಯಾಬಿನ್ನಿಗೆ ಪ್ರೈಮರ್ ಕೊಡಿ" ಅಂದರೆ ಮೊದಲು ಕೈಗೆ ಸಿಗುವುದು ರೆಡ್ ಆಕ್ಸೈಡ್. ಅಗ್ಗ, ಬ್ರಶ್ಶಿನಲ್ಲೂ ಹೊಡೆಯಬಹುದು, ಮರುದಿನಕ್ಕೆ ಮುಟ್ಟಿದರೆ ಅಂಟುವುದಿಲ್ಲ. ಎರಡು ಡಬ್ಬಿಯಲ್ಲಿ ಬರುವ ಎಪಾಕ್ಸಿ ಪ್ರೈಮರಿಗೆ ದುಡ್ಡು ಜಾಸ್ತಿ, ಅಳತೆ ತಪ್ಪಿದರೆ ಪೂರ್ತಿ ಕೆಡುತ್ತದೆ. ಆದರೂ ಕ್ಯಾಬಿನ್ನಿನ ತಗಡನ್ನು ಬರಿದು ಮಾಡಿ, ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಯುವವರು ಎಪಾಕ್ಸಿಯನ್ನೇ ಕೊಳ್ಳಬೇಕು. ಪುಟ್ಟಿಯಲ್ಲಿ, ಬಣ್ಣದಲ್ಲಿ ಬೇಕಾದರೆ ಉಳಿಸಿ, ಇದರಲ್ಲಿ ಉಳಿಸಬೇಡಿ. ಹಾಗಂತ ಲಾರಿಯ ಎಲ್ಲ ಭಾಗಕ್ಕೂ ಇದು ಬೇಕಿಲ್ಲ, ಎಲ್ಲ ಹವೆಯಲ್ಲೂ ಇದು ನಡೆಯುವುದೂ ಇಲ್ಲ.

1986ರಲ್ಲಿ ಬಂದ 407 ಇಂದಿಗೂ ತರಕಾರಿ, ಮರಳು, ಶಾಮಿಯಾನ ಹೊತ್ತು ಓಡುತ್ತಿದೆ. ಎಂಜಿನ್, ಚಾಸಿಸ್ ಗಟ್ಟಿ. ಮೊದಲು ಸೋಲುವುದು ಕ್ಯಾಬಿನ್ನಿನ ತಗಡು. ಮುಂದಿನ ಗಾಜಿನ ರಬ್ಬರ್ ಬೀಡಿಂಗಿನ ಅಡಿ, ಬಾಗಿಲಿನ ಕೆಳಗಿನ ಮಡಿಕೆ, ಫುಟ್‌ಬೋರ್ಡ್, ರಬ್ಬರ್ ಮ್ಯಾಟಿನ ಕೆಳಗಿನ ನೆಲ, ಬಾಗಿಲ ಮೇಲಿನ ನೀರು ಹರಿಯುವ ಗಟರ್: ಈ ಐದು ಜಾಗ ನೋಡಿದರೆ ಗಾಡಿಯ ಸ್ಥಿತಿ ತಿಳಿಯುತ್ತದೆ. ಗಾಜು ತೆಗೆಯದೆ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ ಬಣ್ಣ ಹೊಡೆದರೆ ಬೀಡಿಂಗಿನ ಅಡಿಯ ತುಕ್ಕು ಹಾಗೇ ಉಳಿದು, ಒಂದೆರಡು ಮಳೆಗಾಲದಲ್ಲಿ ಹೊರಬರುತ್ತದೆ. ಯಾವ ಪ್ರೈಮರೂ ಅದನ್ನು ತಡೆಯಲಾರದು.

ರೆಡ್ ಆಕ್ಸೈಡಿನ ತೊಂದರೆ ಏನೆಂದು ಸರಿಯಾಗಿ ತಿಳಿದುಕೊಳ್ಳಬೇಕು. ಅದರಲ್ಲಿರುವ ಕೆಂಪು ಪುಡಿ ಕಬ್ಬಿಣದ ಆಕ್ಸೈಡ್. ತುಕ್ಕು ತಡೆಯುವ ಗುಣ ಅದಕ್ಕಿಲ್ಲ. ಜಿಂಕ್ ಫಾಸ್ಫೇಟ್ ಸೇರಿಸಿದ ಡಬ್ಬಿಯಾದರೆ ಸ್ವಲ್ಪ ವಾಸಿ. ಅದನ್ನು ತಗಡಿಗೆ ಹಿಡಿದಿಡುವ ಅಲ್ಕಿಡ್ ಅಂಟು ಗಾಳಿಯ ಆಮ್ಲಜನಕ ಹೀರಿ ವಾರಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಇನ್ನೂ ಹಸಿ. ಅದರ ಮೇಲೆ ಪಿಯು ಅಥವಾ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಬಿದ್ದ ಕೂಡಲೇ ಆ ಥಿನ್ನರ್ ಕೆಳಗಿನ ಪದರವನ್ನು ಉಬ್ಬಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತದೆ. ಹೀಗಾದ ಮೇಲೆ ತಗಡಿನವರೆಗೆ ಕೆರೆದು ಮತ್ತೆ ಮೊದಲಿನಿಂದ ಶುರುಮಾಡುವುದೊಂದೇ ದಾರಿ. ಎರಡು ಭಾಗ ಬೆರೆತು ರಾಸಾಯನಿಕವಾಗಿ ಗಟ್ಟಿಯಾಗುವ ಎಪಾಕ್ಸಿ ಒಮ್ಮೆ ಕಚ್ಚಿಕೊಂಡರೆ ಥಿನ್ನರಿಗೆ ಜಗ್ಗುವುದಿಲ್ಲ. ನೀರಿನ ಪಸೆಯನ್ನೂ ರೆಡ್ ಆಕ್ಸೈಡಿಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ.

ಹಾಗಾದರೆ ರೆಡ್ ಆಕ್ಸೈಡ್ ಕೆಲಸಕ್ಕೆ ಬಾರದ್ದೇ? ಖಂಡಿತ ಅಲ್ಲ. ಚಾಸಿಸ್, ಲೋಡ್ ಬಾಡಿಯ ಅಡ್ಡಪಟ್ಟಿ, ಸ್ಟೆಪ್ನಿ ಬ್ರಾಕೆಟ್ ಇಂಥವಕ್ಕೆ ಪ್ರತಿ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಮುಂಚೆ ಬ್ರಶ್ಶಿನಲ್ಲಿ ಸಿಂಥೆಟಿಕ್ ಎನಾಮಲ್ ಬಳಿಯುತ್ತಲೇ ಇರುತ್ತಾರೆ. ಅಲ್ಲಿ ರೆಡ್ ಆಕ್ಸೈಡ್, ಮೇಲೆ ಎನಾಮಲ್, ಇದೇ ಸರಿಯಾದ ಜೋಡಿ. ಎಪಾಕ್ಸಿ ಅಲ್ಲಿ ಬರೀ ದುಂದು.

ಕ್ಯಾಬಿನ್ನಿನ ಮೇಲೆ ಈಗಾಗಲೇ ಯಾವ ಬಣ್ಣವಿದೆ ಎಂದು ನೋಡದೆ ಏನನ್ನೂ ಕೊಳ್ಳಬೇಡಿ. ಬಿಳಿ ಬಟ್ಟೆಗೆ ಎನ್‌ಸಿ ಥಿನ್ನರ್ ಹಚ್ಚಿ ಕಣ್ಣಿಗೆ ಬೀಳದ ಮೂಲೆಯಲ್ಲಿ ಅರ್ಧ ನಿಮಿಷ ಒತ್ತಿ ಉಜ್ಜಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಎನ್‌ಸಿ. ಮೆತ್ತಗಾಗಿ ಸುಕ್ಕು ಬಿದ್ದರೆ ಸಿಂಥೆಟಿಕ್ ಎನಾಮಲ್. ಏನೂ ಆಗದಿದ್ದರೆ ಕಂಪನಿಯ ಒಲೆಯಲ್ಲಿ ಬೇಯಿಸಿದ ಬಣ್ಣ ಅಥವಾ ಟೂ-ಪ್ಯಾಕ್. ಮೂರನೆಯದಾದರೆ ಗಟ್ಟಿಯಿರುವ ಕಡೆ ಪಿ180 ಸ್ಯಾಂಡ್‌ಪೇಪರಿನಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ನಯ) ಹೊಳಪು ಕೊಂದು ಅದರ ಮೇಲೇ ಎಪಾಕ್ಸಿ ಹೊಡೆಯಬಹುದು. ಮೊದಲಿನ ಎರಡಾದರೆ ಪೂರ್ತಿ ತೆಗೆಯಬೇಕು. ಹಳೆಯ ಹಳದಿ, ಕೆಂಪು, ಕಿತ್ತಳೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. 2017ರ ನವೆಂಬರಿನಿಂದ ಜಾರಿಯಲ್ಲಿರುವ ಸೀಸದ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮಿತಿ ಮನೆಗೆ ಬಳಿಯುವ ಬಣ್ಣಗಳದ್ದು, ಹಳೆ ಲಾರಿಯ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಒಣ ದೂಳು ಎಬ್ಬಿಸದೆ ನೀರು ಹಾಕಿ ಉಜ್ಜಿ, ಆ ಕೆಸರನ್ನು ಗುಡಿಸಿ ಚೀಲಕ್ಕೆ ತುಂಬಿ. ಮಕ್ಕಳು ಆಡುವ ಅಂಗಳದಲ್ಲಂತೂ ಈ ಕೆಲಸ ಬೇಡ.

ತುಕ್ಕು ತೆಗೆಯಲು ಗ್ರೈಂಡರಿಗೆ ಹಾಕುವ ತಂತಿ ಕಪ್ ಬ್ರಶ್ ಎಲ್ಲರ ಮನೆಯಲ್ಲೂ ಇರುತ್ತದೆ. ಅದು ಸಡಿಲ ತುಕ್ಕನ್ನು ಕೀಳುತ್ತದೆ, ಗುಳಿಯೊಳಗಿನದನ್ನು ಮಾತ್ರ ತಿಕ್ಕಿ ಹೊಳೆಯುವಂತೆ ಮಾಡಿಬಿಡುತ್ತದೆ. ನೋಡಲು ಬಿಳಿ ತಗಡು, ಒಳಗೆ ಕಪ್ಪು ತುಕ್ಕು. ಹೊಳಪಾದ ತಗಡಿಗೆ ಪ್ರೈಮರ್ ಕಚ್ಚುವುದೂ ಕಡಿಮೆ. ಆದ್ದರಿಂದ ಬ್ರಶ್ ಆದ ಮೇಲೆ ಪಿ80 ಪೇಪರಿನಲ್ಲಿ ಕೈಯಿಂದಲೇ ಗೀರು ಬೀಳುವ ಹಾಗೆ ಉಜ್ಜಬೇಕು. ಸ್ಪಂಜಿನ ಹಾಗಿರುವ ಕಪ್ಪು ಸ್ಟ್ರಿಪ್ ಡಿಸ್ಕ್ ಇದಕ್ಕಿಂತ ಒಳ್ಳೆಯದು, ತಗಡನ್ನು ಹೆಚ್ಚು ತಿನ್ನದೆ ತುಕ್ಕು ತೆಗೆಯುತ್ತದೆ. ಗಟ್ಟಿ ಗ್ರೈಂಡಿಂಗ್ ಡಿಸ್ಕನ್ನು ಟಾಪಿನ ಮೇಲೆ, ಬಾಗಿಲಿನ ಮೇಲೆ ಇಡಲೇಬೇಡಿ. ಬಿಸಿಗೆ ತಗಡು ಹಿಗ್ಗಿ ಡಬ್ಬಿ ಮುಚ್ಚಳದ ಹಾಗೆ ಟಕ್ ಟಕ್ ಅನ್ನತೊಡಗಿದರೆ ಸರಿಮಾಡಲು ಅನುಭವಿ ಟಿಂಕರಿಂಗ್ ಮೇಸ್ತ್ರಿಯೇ ಬೇಕು.

ತೂತು ಬಿದ್ದ ಕಡೆ ಪುಟ್ಟಿ ತುಂಬುವುದು ಕೆಲಸವೇ ಅಲ್ಲ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ತಗಡಿನ ತೇಪೆ ಕೂರಿಸಿ, ಮಿಗ್ ವೆಲ್ಡಿಂಗಿನಲ್ಲಿ 25-30 ಮಿಲಿಮೀಟರಿಗೊಂದು ಚುಕ್ಕೆ ಇಡಿಸಿ. ಒಂದೇ ಕಡೆ ಸಾಲಾಗಿ ಬೇಡ, ಎದುರುಬದುರು ಜಾಗ ಬದಲಿಸುತ್ತ ಹೋಗಲಿ. ಹಿತ್ತಾಳೆ ಬೆಸುಗೆ ಹಾಕಿಸಿದರೆ ಅದರ ಫ್ಲಕ್ಸ್ ಪೂರ್ತಿ ಹೋಗುವವರೆಗೆ ಬಿಸಿನೀರಲ್ಲಿ ತಿಕ್ಕಿ ತೊಳೆಯಬೇಕು. ಉಳಿದ ಫ್ಲಕ್ಸ್ ಪಸೆ ಎಳೆದು, ಸರಿಯಾಗಿ ಬೆಸುಗೆಯ ಗೆರೆಯುದ್ದಕ್ಕೂ ಬಣ್ಣ ಗುಳ್ಳೆ ಏಳುತ್ತದೆ.

ರಸ್ಟ್ ಕನ್ವರ್ಟರ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹಲವು ಬಾಟಲಿಗಳಲ್ಲಿ ಇರುವುದು ಫಾಸ್ಫಾರಿಕ್ ಆಸಿಡ್. ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಬದಲಿಸುತ್ತದೆ ನಿಜ. ಆದರೆ ಎಪಾಕ್ಸಿಯನ್ನು ಗಟ್ಟಿಮಾಡುವ ಎರಡನೇ ಡಬ್ಬಿಯ ಹಾರ್ಡ್‌ನರ್ ಅಮೈನ್ ಜಾತಿಯದು, ಕ್ಷಾರ. ತಗಡಿನ ಮೇಲೆ ಆಸಿಡ್ ಉಳಿದಿದ್ದರೆ ಅದು ಹಾರ್ಡ್‌ನರನ್ನು ಅಲ್ಲೇ ಕೊಲ್ಲುತ್ತದೆ. ತಗಡಿಗೆ ತಾಗಿದ ಪದರ ಗಟ್ಟಿಯಾಗದೆ, ತಿಂಗಳುಗಳ ನಂತರ ಪ್ರೈಮರ್ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಆಗ ಜನ ಬೈಯುವುದು ಎಪಾಕ್ಸಿಯನ್ನು. ಗುಳಿ ಬಿದ್ದ ಜಾಗಕ್ಕಷ್ಟೇ ಆಸಿಡ್ ಹಚ್ಚಿ, ಒಣಗಲು ಬಿಡದೆ ನೀರು ಸುರಿದು ತಿಕ್ಕಿ ತೊಳೆದು, ಕೂಡಲೇ ಒರೆಸಿ ಬಿಸಿಗಾಳಿ ಹಿಡಿದು ಒಣಗಿಸಿ, ಮತ್ತೆ ಪಿ80 ಉಜ್ಜಿ. ಇಷ್ಟು ತಾಳ್ಮೆ ಇಲ್ಲದಿದ್ದರೆ ಕನ್ವರ್ಟರ್ ಬಳಸದಿರುವುದೇ ಮೇಲು. ಮಂಗಳೂರು, ಕಾರವಾರದ ಕಡೆಯ ಗಾಡಿಯಾದರೆ ಇದಕ್ಕೆಲ್ಲ ಮೊದಲು ಸಿಹಿನೀರಲ್ಲಿ ಚೆನ್ನಾಗಿ ತೊಳೆಯಬೇಕು. ಗುಳಿಯಲ್ಲಿ ಉಪ್ಪು ಕೂತಿರುತ್ತದೆ. ಬರಿದಾದ ತಗಡಿಗೆ ಅಲ್ಲಿ ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕು ಹತ್ತುವುದರಿಂದ ಎಷ್ಟು ಭಾಗಕ್ಕೆ ಅದೇ ದಿನ ಪ್ರೈಮರ್ ಹೊಡೆಯಲು ಆಗುತ್ತದೋ ಅಷ್ಟನ್ನೇ ಬರಿದು ಮಾಡಿ.

ಈಗ ಎಪಾಕ್ಸಿ ಬೆರೆಸುವ ಬಗ್ಗೆ. ಅಳತೆ ಒಂದೊಂದು ಕಂಪನಿಯದು ಒಂದೊಂದು: 1:1, 2:1, 4:1 ಎಲ್ಲವೂ ಇವೆ. ಡಬ್ಬಿಯ ಮೇಲೆ ಬರೆದದ್ದೇ ವೇದವಾಕ್ಯ. ಗೆರೆ ಹಾಕಿದ ಅಳತೆ ಲೋಟ ಬಳಸಿ, ಕಣ್ಣಂದಾಜು ಬೇಡ. ಬೇಗ ಒಣಗಲಿ ಅಂತ ಹಾರ್ಡ್‌ನರ್ ಹೆಚ್ಚು ಸುರಿದರೆ ಬೇಗ ಒಣಗುವುದಿಲ್ಲ, ಉಳಿದ ಹಾರ್ಡ್‌ನರ್ ಮೆತ್ತಗೆ ಅಂಟಂಟಾಗಿ ನಿಲ್ಲುತ್ತದೆ. ತಳದಲ್ಲಿ ಕೂತ ಪುಡಿಯನ್ನು ಮೊದಲು ಚೆನ್ನಾಗಿ ಕದಡಿ, ಆಮೇಲೆ ಅಳೆಯಿರಿ. ಬೆರೆಸಿದ ಕೂಡಲೇ ಸ್ಪ್ರೇ ಗನ್ನಿಗೆ ಸುರಿಯಬಾರದು. ಹೆಚ್ಚಿನವಕ್ಕೆ 10ರಿಂದ 30 ನಿಮಿಷ ಸುಮ್ಮನೆ ಬಿಡುವ ಹೊತ್ತು ಇರುತ್ತದೆ, ಎಷ್ಟೆಂದು ಡಬ್ಬಿ ಹೇಳುತ್ತದೆ. ಎಪಾಕ್ಸಿಯದ್ದೇ ಥಿನ್ನರ್ ಕೊಳ್ಳಿ. ಅಗ್ಗದ ಎನ್‌ಸಿ ಥಿನ್ನರ್ ಹಾಕಿ ಕೆಡಿಸಿದ ಪ್ರೈಮರಿಗೆ ಲೆಕ್ಕವಿಲ್ಲ.

ಎಷ್ಟು ಬೇಕು? 407 ಕ್ಯಾಬಿನ್ನಿನ ಹೊರಮೈ ಅಂದಾಜು 12 ಚದರ ಮೀಟರ್ ಹಿಡಿಯಿರಿ, ಒಳನೆಲಕ್ಕೆ ಇನ್ನು ಮೂರು. ಅರ್ಧ ಭಾಗ ಘನ ಇರುವ ಪ್ರೈಮರ್ ಲೀಟರಿಗೆ 10 ಚದರ ಮೀಟರಿನ ಮೇಲೆ 50 ಮೈಕ್ರಾನ್ ಕೂರುತ್ತದೆ. ಅಂದರೆ ಲೆಕ್ಕಕ್ಕೆ ಒಂದೂವರೆ ಲೀಟರ್. ಗನ್ನಿನಲ್ಲಿ ಹೊಡೆಯುವಾಗ ಗಾಳಿಗೆ ಹೋಗುವುದು ಶೇಕಡ 40ರಷ್ಟು. ಹಾಗಾಗಿ ಹಾರ್ಡ್‌ನರ್ ಸೇರಿ ಎರಡೂವರೆಯಿಂದ ಮೂರು ಲೀಟರ್ ಇಟ್ಟುಕೊಳ್ಳಿ.

ಹೊಡೆಯುವ ಮುನ್ನ ಎರಡು ಬಟ್ಟೆ ಬೇಕು. ಒಂದರಲ್ಲಿ ಜಿಡ್ಡು ತೆಗೆಯುವ ದ್ರಾವಣ ಹಚ್ಚಿ ಒರೆಸುವುದು, ಅದು ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತುವುದು. ಒಂದೇ ಬನಿಯನ್ ವೇಸ್ಟಿನಲ್ಲಿ ಇಡೀ ಕ್ಯಾಬಿನ್ ಒರೆಸಿದರೆ ಜಿಡ್ಡು ಒಂದು ಮೂಲೆಯಿಂದ ಇನ್ನೊಂದಕ್ಕೆ ಹರಡುತ್ತದೆ ಅಷ್ಟೇ. ಟೈರ್ ಪಾಲಿಶ್, ಡ್ಯಾಶ್‌ಬೋರ್ಡ್ ಪಾಲಿಶ್‌ಗಳ ಸಿಲಿಕೋನ್ ಇನ್ನೂ ಕೆಟ್ಟದ್ದು: ಬಣ್ಣ ಅದರಿಂದ ದೂರ ಸರಿದು ಚಿಕ್ಕ ಚಿಕ್ಕ ಕುಳಿ ಬೀಳುತ್ತವೆ. ಕಂಪ್ರೆಸರಿನ ಟ್ಯಾಂಕಿನ ನೀರು ಬಿಟ್ಟು, ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಕಟ್ಟಿ. 1.4 ಅಥವಾ 1.6 ಮಿ.ಮೀ. ನಾಝಲ್, ಎರಡು ಕೈ (ಕೋಟ್), ನಡುವೆ 20-30 ನಿಮಿಷ. ಮೊದಲ ಕೈ ತೆಳ್ಳಗೆ, ಎರಡನೆಯದು ತುಂಬಿ.

ಹವೆಯೇ ಇದರ ದೊಡ್ಡ ದೌರ್ಬಲ್ಯ. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಎಪಾಕ್ಸಿ ಹೊಡೆಯುವ ಮಾತೇ ಬೇಡ. ತೇವದ ಗಾಳಿಗೆ ಅಮೈನ್ ಮೇಲಕ್ಕೆ ಬಂದು ಮೇಣದಂಥ ಜಿಡ್ಡು ಪದರವಾಗುತ್ತದೆ. ಗಮನಿಸದೆ ಅದರ ಮೇಲೆ ಬಣ್ಣ ಹೊಡೆದರೆ ಅಂಟುವುದಿಲ್ಲ. ಕಂಡರೆ ಥಿನ್ನರಲ್ಲಿ ಒರೆಸಬೇಡಿ, ಬೆಚ್ಚಗಿನ ನೀರು ಮತ್ತು ಸ್ಕಾಚ್‌ಬ್ರೈಟ್ ಹಾಕಿ ತೊಳೆಯಿರಿ. ಡಿಸೆಂಬರ್, ಜನವರಿಯಲ್ಲಿ ಚಿಕ್ಕಮಗಳೂರು, ಕೊಡಗಿನ ಬೆಳಗ್ಗೆ ತಗಡು ಇಬ್ಬನಿಯಿಂದ ಒದ್ದೆಯಾಗಿರುತ್ತದೆ. ಹತ್ತು ಗಂಟೆಗೆ ಶುರುಮಾಡಿ ಮೂರರೊಳಗೆ ಮುಗಿಸಿ. ಇನ್ನೊಂದು ಮಿತಿ ಬಿಸಿಲು. ಎಪಾಕ್ಸಿ ಬಿಸಿಲಿಗೆ ಸುಣ್ಣದ ಹಾಗೆ ಪುಡಿಯೇಳುತ್ತದೆ. ಪ್ರೈಮರ್ ಹೊಡೆದು ಆರು ತಿಂಗಳು ಗಾಡಿಯನ್ನು ಬಯಲಲ್ಲಿ ನಿಲ್ಲಿಸುವವರಿಗೆ ಇದು ತಕ್ಕ ವಸ್ತುವಲ್ಲ.

ಪುಟ್ಟಿ ಎಳೆಯುವುದು ಎಪಾಕ್ಸಿಯ ಮೇಲೆ, ಅದರ ಕೆಳಗಲ್ಲ. ಡಬ್ಬಿಯಲ್ಲಿ ಹೇಳಿದ ಅವಧಿಯೊಳಗಾದರೆ ನೇರವಾಗಿ, ಅದು ದಾಟಿದ್ದರೆ ಪಿ180 ಉಜ್ಜಿ. ಪಾಲಿಯೆಸ್ಟರ್ ಪುಟ್ಟಿ 100 ಗ್ರಾಂಗೆ ಹಾರ್ಡ್‌ನರ್ ಪೇಸ್ಟ್ 2ರಿಂದ 3 ಗ್ರಾಂ, ಅಷ್ಟೇ. ಬೇಸಿಗೆಯಲ್ಲಿ ಎರಡೇ ಸಾಕು. ಹೆಚ್ಚಾದರೆ ಅದರ ಪೆರಾಕ್ಸೈಡ್ ಮೇಲಿನ ಬಣ್ಣಕ್ಕೆ ಹತ್ತಿ ಹಳದಿ ಕಲೆ ಮೂಡುತ್ತದೆ. ಬಿಳಿ ಗಾಡಿಯಲ್ಲಿ ಎದ್ದು ಕಾಣುತ್ತದೆ. ಗಾಜಿನ ತುಂಡಿನ ಮೇಲೆ ಮಡಚಿ ಮಡಚಿ ಬೆರೆಸಿ, ಗರಗರ ತಿರುಗಿಸಿದರೆ ಗಾಳಿ ಸೇರಿ ಸೂಜಿತೂತು ಬೀಳುತ್ತವೆ. ಕೈಯಲ್ಲಿ ಇರುವುದು ನಾಲ್ಕೈದು ನಿಮಿಷ. ಎರಡು ಮೂರು ಮಿ.ಮೀ.ಗಿಂತ ದಪ್ಪ ಬೇಡ, ಲಾರಿಯ ಕುಲುಕಾಟಕ್ಕೆ ಬಿರುಕು ಬಿಡುತ್ತದೆ. ಡಾಲಿ (ತಗಡಿನ ಹಿಂದೆ ಒತ್ತಿಹಿಡಿಯುವ ಕಬ್ಬಿಣದ ತುಂಡು), ಸುತ್ತಿಗೆಯಲ್ಲಿ ತಗಡನ್ನೇ ಎತ್ತಿ. ಪಿ80, ಪಿ120, ಪಿ180, ಉದ್ದನೆ ಮರದ ತುಂಡಿಗೆ ಸುತ್ತಿ, ಒಣಗಿದ್ದಂತೆಯೇ ಉಜ್ಜಬೇಕು. ವಾಟರ್ ಪೇಪರ್ ಹಿಡಿದು ನೀರು ಸುರಿಯುವ ಅಭ್ಯಾಸ ಎಷ್ಟೇ ಹಳೆಯದಾದರೂ ಪುಟ್ಟಿಗೆ ಅದು ಶತ್ರು. ಅದರ ಟಾಲ್ಕ್ ನೀರು ಕುಡಿದು ಒಳಗೇ ಇಟ್ಟುಕೊಂಡು, ಬಿಸಿಲು ಬಂದಾಗ ಗುಳ್ಳೆಯಾಗಿ ಕಕ್ಕುತ್ತದೆ. ಒಂದೇ ಡಬ್ಬಿಯಲ್ಲಿ ಬರುವ ಎನ್‌ಸಿ ಪುಟ್ಟಿ ಸೂಜಿತೂತಿಗೆ ಮಾತ್ರ.

ಮೇಲೆ ಟೂ-ಪ್ಯಾಕ್ ಪಿಯು ಸರ್ಫೇಸರ್ (ಸಣ್ಣ ಗೀರು ತುಂಬಿ ಮೈ ಸಮ ಮಾಡುವ ಪದರ) ಎರಡು ಮೂರು ಕೈ, ಕಪ್ಪು ಸ್ಪ್ರೇಯನ್ನು ದೂಳಿನ ಹಾಗೆ ಉದುರಿಸಿ ಪಿ400 ನೀರು ಪೇಪರ್. ಕಪ್ಪು ಉಳಿದಲ್ಲಿ ತಗ್ಗು, ಬೇಗ ಹೋದಲ್ಲಿ ಉಬ್ಬು. ಪಿಯು ಹಾರ್ಡ್‌ನರಿನಲ್ಲಿ ಐಸೋಸಯನೇಟ್ ಇದೆ, ಉಸಿರಾಟಕ್ಕೆ ಬಹಳ ಅಪಾಯ. ಎನ್‌95 ಮಾಸ್ಕ್ ದೂಳಿಗಷ್ಟೇ, ಆವಿಗೆ ಅಲ್ಲ. ಹೊಸ ಕಾರ್ಟ್ರಿಜ್ ಇರುವ ಆವಿ ಮಾಸ್ಕ್ ಕನಿಷ್ಠ ಬೇಕು, ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಇದ್ದರೆ ಇನ್ನೂ ಒಳ್ಳೆಯದು. ಗಾಳಿ ಕೊಡುವ ಮಾಸ್ಕ್ ಇಲ್ಲದವರು ಎಪಾಕ್ಸಿ, ಪುಟ್ಟಿವರೆಗೆ ಮನೆಯಲ್ಲಿ ಮುಗಿಸಿ ಸರ್ಫೇಸರ್ ಮತ್ತು ಬಣ್ಣಕ್ಕೆ ಬೂತ್ ಇರುವ ಶೆಡ್ಡಿಗೆ ಕೊಡಲಿ. ಅಮೈನ್ ಹಾರ್ಡ್‌ನರಿನ ಎಪಾಕ್ಸಿಯಲ್ಲಿ ಐಸೋಸಯನೇಟ್ ಇರುವುದಿಲ್ಲ, ಆದರೆ ಅದಕ್ಕೂ ಆವಿ ಮಾಸ್ಕ್ ಬೇಕೇ ಬೇಕು. ಚರ್ಮಕ್ಕೆ ತಾಗಿದರೆ ಅಲರ್ಜಿ ತರುತ್ತದೆ, ನೈಟ್ರೈಲ್ ಕೈಗವಸು ಮರೆಯಬೇಡಿ.

ಬೆರೆಸಿದ ಎಪಾಕ್ಸಿ ಕೆಲವು ಗಂಟೆಗಳಲ್ಲಿ ಕಟ್ಟಿಕೊಳ್ಳುತ್ತದೆ, ನಾಳೆಗೆ ಇಡಲಾಗದು. ಗನ್ನಿನಲ್ಲಿ ಉಳಿದದ್ದನ್ನು ಚೆಲ್ಲದೆ ಬ್ರಶ್ಶಿನಲ್ಲಿ ಬಾಗಿಲಿನ ಒಳಮಡಿಕೆಗೆ, ಫುಟ್‌ಬೋರ್ಡಿನ ಅಡಿಗೆ ಬಳಿಯಿರಿ. ಬಾಗಿಲ ಕೆಳಗಿನ ನೀರು ಇಳಿಯುವ ತೂತುಗಳು ಮುಚ್ಚಿಹೋಗದಂತೆ, ಒಣಗುವ ಮುಂಚೆಯೇ ಒಂದು ಮೊಳೆ ತೂರಿಸಿ ಬಿಡಿಸಿಡಿ.