ಕೋಡಿಬಾಗದ ಸಂಜೆ ಕಲಿಕಾ ಕೇಂದ್ರ: ಆರು ತಿಂಗಳ ಅನುಭವ

ಅರ್ಧದಲ್ಲೇ ಶಾಲೆ ಬಿಡಬಹುದಾದ ಹತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಕಾರವಾರದ ಕೋಡಿಬಾಗದಲ್ಲಿ ನಡೆಯುವ ಸಂಜೆ ಕೇಂದ್ರವೊಂದಕ್ಕೆ ನನ್ನ ತಂಗಿಯ ಮಗನನ್ನು ಜೂನ್‌ನಿಂದ ನವೆಂಬರ್‌ವರೆಗೆ ಕಳಿಸಿದೆವು. ಹುಡುಗನಿಗೆ 11 ವರ್ಷ. ಭಾವ ಟ್ರಾಲರ್ ಬೋಟಿನಲ್ಲಿ ದುಡಿಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಷ್ಟು ದಿನ ಅವನು ತಪ್ಪದೆ ಶಾಲೆಗೆ ಹೋಗುತ್ತಾನೆ; ಆಗಸ್ಟ್‌ನಲ್ಲಿ ಬೋಟು ಕಡಲಿಗಿಳಿಯಿತೆಂದರೆ ಬೈತಖೋಲ ಬಂದರಿನಲ್ಲಿ ಮೀನು ಆರಿಸಲು ನಿಲ್ಲುತ್ತಾನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅವನನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಆದ್ದರಿಂದ ಹಾಜರಿ ಪುಸ್ತಕದಲ್ಲಿ ಹೆಸರು ಉಳಿದಿರುತ್ತದೆ, ಹುಡುಗ ಮಾತ್ರ ಇರುವುದಿಲ್ಲ.

ಈ ಕೇಂದ್ರ ನನಗೆ ಮೆಚ್ಚುಗೆಯಾದದ್ದು ಮೊದಲ ದಿನ ತುಂಬಿಸಿಕೊಂಡ ಅರ್ಜಿಯಿಂದ. ಅದರಲ್ಲಿ ಅಂಕಗಳ ವಿಚಾರವೇ ಇರಲಿಲ್ಲ. ಹೊಸಬರ ಎದುರು ಮಾತಾಡಲು ಎಷ್ಟು ದಿನ ಬೇಕು, ಆಟದಲ್ಲಿ ಸೋತರೆ ಏನು ಮಾಡುತ್ತಾನೆ, ಸಣ್ಣ ಸದ್ದಿಗೂ ಗಮನ ಹರಿಯುತ್ತದೆಯೇ ಎಂದು ಕೇಳಿದ್ದರು. 1956ರಲ್ಲಿ ನ್ಯೂಯಾರ್ಕಿನಲ್ಲಿ ಥಾಮಸ್ ಮತ್ತು ಚೆಸ್ ಎಂಬ ಮನೋವೈದ್ಯ ದಂಪತಿ ಆರಂಭಿಸಿದ ದೀರ್ಘ ಅಧ್ಯಯನವು ಮಕ್ಕಳ ಸ್ವಭಾವವನ್ನು ಒಂಬತ್ತು ಲಕ್ಷಣಗಳಲ್ಲಿ ಗುರುತಿಸಿತ್ತು. ಅದರಲ್ಲಿ ಸುಮಾರು 10 ಶೇಕಡಾ ಮಕ್ಕಳು ಹಟಮಾರಿಗಳ ಗುಂಪಿಗೆ, 15 ಶೇಕಡಾ ನಿಧಾನಕ್ಕೆ ಹೊಂದಿಕೊಳ್ಳುವವರ ಗುಂಪಿಗೆ ಬಂದಿದ್ದರು. ಸ್ವಭಾವವೇ ದೋಷವಲ್ಲ, ಅದಕ್ಕೂ ಸುತ್ತಲಿನವರ ನಿರೀಕ್ಷೆಗೂ ಹೊಂದಿಕೆಯಾಗದಿದ್ದಾಗ ತೊಂದರೆ ಶುರುವಾಗುತ್ತದೆ ಎಂಬುದು ಅವರ ಮುಖ್ಯ ಮಾತು. ಅರ್ಜಿ ಬರೆದವರು ಇದನ್ನು ಬಲ್ಲವರೇ ಇರಬೇಕು.

ಅಲ್ಲಿ ಕಲಿಸುತ್ತಿದ್ದ ಅಕ್ಕೋರಂತೂ ಬಲ್ಲವರು. ಸಿಟ್ಟು ಬಂದರೆ ಪುಸ್ತಕ ಎಸೆಯುತ್ತಿದ್ದ ಒಬ್ಬ ಹುಡುಗನಿಗೆ ಬೈಯದೆ ಅವಲಕ್ಕಿ ಹಂಚುವ ಕೆಲಸ ಕೊಟ್ಟರು. ತಿಂಗಳೊಳಗೆ ಅವನು ಯಾರ ತಟ್ಟೆಗೆ ಕಡಿಮೆ ಬಿತ್ತೆಂದು ನೋಡುವವನಾದ. ನಮ್ಮ ಹುಡುಗ ಬಾಗಿಲ ಪಕ್ಕದಲ್ಲಿ, ಹೆಗಲಿನ ಚೀಲವನ್ನೂ ಇಳಿಸದೆ ಕೂರುತ್ತಿದ್ದ. ಅವನನ್ನು ಎಲ್ಲರೆದುರು ಅವರು ಒಮ್ಮೆಯೂ ಎಬ್ಬಿಸಿ ನಿಲ್ಲಿಸಲಿಲ್ಲ; ಇನ್ನೊಬ್ಬ ಹುಡುಗನ ಜೊತೆ ಕಿಟಕಿಯ ಬಳಿ ಕೂರಿಸಿ ಲೆಕ್ಕ ಮಾಡಿಸಿದರು. ನಾಲ್ಕನೆಯ ವಾರ ಚೀಲ ಮೂಲೆ ಸೇರಿತು.

ಸೆಪ್ಟೆಂಬರ್‌ನಲ್ಲಿ ಆ ಅಕ್ಕೋರು ಬಿಟ್ಟುಹೋದರು. ಹೊಸ ಮಾಸ್ತರು ಮೊದಲ ದಿನವೇ ಅವನನ್ನು ನಿಲ್ಲಿಸಿ ಏಳರ ಮಗ್ಗಿ ಹೇಳಿಸಿದರು. ಮರುದಿನ ಅವನು ಹೋಗಲಿಲ್ಲ. ಒಂಬತ್ತು ದಿನ ಕೇಂದ್ರದಿಂದ ಒಂದು ಫೋನೂ ಬರಲಿಲ್ಲ. ನಾನೇ ಹೋಗಿ ವಿಚಾರಿಸಿದಾಗ ಸಿಕ್ಕ ಉತ್ತರ: "ಅಂವ ಗಲಾಟೆ ಮಾಡೂದಿಲ್ಲ, ಅವನ ಚಿಂತೆ ಬೇಡ." ನಾವು ಅಷ್ಟು ಶ್ರದ್ಧೆಯಿಂದ ತುಂಬಿದ ಅರ್ಜಿ ಕಪಾಟಿನಲ್ಲೇ ಇತ್ತು, ಮಾಸ್ತರು ಅದನ್ನು ತೆರೆದೇ ಇರಲಿಲ್ಲ. ಪುಸ್ತಕ ಎಸೆಯುವವನು ಬರದಿದ್ದರೆ ಅದೇ ಸಂಜೆ ಅವನ ಮನೆಗೆ ಜನ ಹೋಗುತ್ತಿದ್ದರು. ಸದ್ದಿಲ್ಲದೆ ಶಾಲೆ ಬಿಡುವವರು ಇವರ ಲೆಕ್ಕಕ್ಕೆ ಸಿಗುವುದಿಲ್ಲವೆಂದು ನನಗೆ ಗೊತ್ತಾದದ್ದು ಆಗಲೇ.

ಕೋಣೆ ಮಳೆಗಾಲದಲ್ಲಿ ಸೋರುತ್ತದೆ, ಆದರೆ ಶುಲ್ಕ ತೀರ ಕಡಿಮೆಯಿರುವಾಗ ಅದನ್ನು ದೂರುವುದು ಸರಿಯಲ್ಲ. ಹಟದ, ಸಿಟ್ಟಿನ ಮಕ್ಕಳಿರುವವರು ಧೈರ್ಯವಾಗಿ ಸೇರಿಸಬಹುದು. ಮಾತು ಕಡಿಮೆಯಿರುವ ಮಗುವಾದರೆ, ಕಲಿಸುವವರು ಬದಲಾದಾಗಲೆಲ್ಲ ನೀವೇ ಹೋಗಿ ಆ ಅರ್ಜಿಯನ್ನು ಕಪಾಟಿನಿಂದ ತೆಗೆಸಿ ಅವರ ಕೈಗೆ ಕೊಡಿಸಬೇಕಾಗುತ್ತದೆ.