ಹಾಸಿಗೆ ಹಿಡಿದ ಹಿರಿಯರಿಗೆ ಏರ್ ಬೆಡ್: ಬಬಲ್ ಮಾದರಿಯೋ, ಟ್ಯೂಬ್ ಮಾದರಿಯೋ?

ಬೆಡ್‌ಸೋರ್ (ಬಹಳ ಹೊತ್ತು ಒಂದೇ ಕಡೆ ಒತ್ತಿ ಮಲಗಿದ್ದರಿಂದ ಆಗುವ ಹುಣ್ಣು) ತಡೆಯಲು ಕೊಳ್ಳುವ ಏರ್ ಬೆಡ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದೇ ಹಾಳೆಯಲ್ಲಿ ಸಾಲುಸಾಲು ಗುಳ್ಳೆಗಳಿರುವ ಬಬಲ್ ಮಾದರಿ ಒಂದು, ಅಡ್ಡಕ್ಕೆ ಜೋಡಿಸಿದ ಕೊಳವೆಗಳ ಟ್ಯೂಬ್ ಮಾದರಿ ಇನ್ನೊಂದು. ಎರಡರಲ್ಲೂ ಪಂಪು ಒಂದು ಬಿಟ್ಟು ಒಂದು ಸಾಲಿಗೆ ಗಾಳಿ ತುಂಬುತ್ತದೆ. ಸುಮಾರು 10 ನಿಮಿಷಕ್ಕೊಮ್ಮೆ ಸರದಿ ಬದಲಾಗಿ, ಮೂಳೆ ಒತ್ತುವ ಜಾಗದ ಚರ್ಮಕ್ಕೆ ರಕ್ತ ಹರಿಯಲು ಬಿಡುವು ಸಿಗುತ್ತದೆ.

ತಾವಾಗಿಯೇ ಒಂದಿಷ್ಟು ಹೊರಳಬಲ್ಲ, ತೂಕ ಕಡಿಮೆ ಇರುವವರಿಗೆ ಬಬಲ್ ಸಾಕು. ಪಾರ್ಶ್ವವಾಯುವಿನಿಂದಲೋ ಬಲಿತ ಮರೆವಿನ ಕಾಯಿಲೆಯಿಂದಲೋ ಪೂರ್ತಿ ಮಲಗಿದಲ್ಲೇ ಇರುವವರಿಗೆ ಟ್ಯೂಬ್ ಮಾದರಿಯನ್ನೇ ತನ್ನಿ. ಬಬಲ್ ಉಬ್ಬುವುದು ಆರೇಳು ಸೆಂ.ಮೀ. ಮಾತ್ರ, ಭಾರ ಜಾಸ್ತಿಯಿದ್ದರೆ ಸೊಂಟ ತಳ ಮುಟ್ಟಿಬಿಡುತ್ತದೆ. ಟ್ಯೂಬ್ ಸಾಮಾನ್ಯವಾಗಿ 10 ಸೆಂ.ಮೀ. ಅಥವಾ ಅದಕ್ಕಿಂತ ಎತ್ತರ. ಒಂದು ಕೊಳವೆ ತೂತಾದರೆ ಹಲವು ಮಾದರಿಗಳಲ್ಲಿ ಅದೊಂದನ್ನೇ ಬಿಚ್ಚಿ ಬದಲಿಸಬಹುದು. ಬಬಲ್ ಹಾಳೆ ಒಂದೇ ಕಡೆ ಹರಿದರೂ ಆ ಸರದಿಯ ಗುಳ್ಳೆಗಳೆಲ್ಲ ಒಟ್ಟಿಗೆ ಕುಸಿಯುತ್ತವೆ. ಸಣ್ಣ ತೂತಿಗೆ ಜೊತೆಯಲ್ಲಿ ಬರುವ ಅಂಟುತೇಪೆ ನಡೆಯುತ್ತದೆ, ಬೆಸೆದ ಅಂಚೇ ಬಿಚ್ಚಿಕೊಂಡರೆ ಅದರಿಂದ ಉಪಯೋಗವಿಲ್ಲ.

ಬಹಳ ಕಡೆ ತಪ್ಪಾಗುವುದು ಒತ್ತಡ ಹೊಂದಿಸುವ ಪಂಪಿನ ತಿರುಗುಗುಂಡಿಯಲ್ಲಿ. ಗಟ್ಟಿಯಾಗಿದ್ದರೆ ಒಳ್ಳೆಯದೆಂದು ಕೊನೆಯವರೆಗೆ ತಿರುಗಿಸಿಬಿಡುತ್ತಾರೆ. ಆಗ ಹಾಸಿಗೆ ಹಲಗೆಯಂತಾಗಿ, ಕೊಂಡ ಉದ್ದೇಶವೇ ಹಾಳು. ಮಲಗುವವರ ತೂಕಕ್ಕೆ ಹೊಂದಿಸಿ, ಅರ್ಧ ಗಂಟೆ ಗಾಳಿ ತುಂಬಲು ಬಿಡಿ, ಅವರನ್ನು ಮಲಗಿಸಿದ ಮೇಲೆ ಕೈಯಿಂದ ಪರೀಕ್ಷಿಸಿ. ಬಾಲದ ಮೂಳೆಯ ನೇರಕ್ಕೆ, ಏರ್ ಬೆಡ್ಡಿಗೂ ಕೆಳಗಿನ ಮಾಮೂಲಿ ಹಾಸಿಗೆಗೂ ನಡುವೆ ಅಂಗೈ ಮೇಲ್ಮುಖ ಮಾಡಿ ತೂರಿಸಿ. ಆ ಜಾಗದ ಗಾಳಿ ಇಳಿದಿರುವಾಗಲೂ ಕೈಗೂ ಮೈಗೂ ನಡುವೆ ಸುಮಾರು ಎರಡೂವರೆ ಸೆಂ.ಮೀ. ಗಾಳಿ ಉಳಿದಿರಬೇಕು. ಮೂಳೆ ಕೈಗೆ ತಾಗಿದರೆ ಒತ್ತಡ ಸ್ವಲ್ಪ ಏರಿಸಿ. ತುದಿಯವರೆಗೆ ಏರಿಸಿದರೂ ತಾಗುತ್ತಿದ್ದರೆ ಆ ಮಾದರಿ ಅವರ ತೂಕಕ್ಕೆ ಸಾಲದು.

ಮೇಲೆ ಹಾಸುವುದು ತೆಳುವಾದ ಒಂದು ಹತ್ತಿ ಬೆಡ್‌ಶೀಟ್ ಮಾತ್ರ, ಅದೂ ಸಡಿಲವಾಗಿ. ಮಡಿಸಿದ ಹೊದಿಕೆ, ರಬ್ಬರ್ ಶೀಟ್, ಎರಡು ಮೂರು ಅಂಡರ್‌ಪ್ಯಾಡ್ ಪೇರಿಸಿದರೆ ಏರಿಳಿತ ಮೈಗೆ ತಲುಪುವುದೇ ಇಲ್ಲ, ಬೆವರೂ ಆರುವುದಿಲ್ಲ. ಒದ್ದೆಯಾದ ಚರ್ಮ ಬೇಗ ಕಿತ್ತುಬರುತ್ತದೆ, ಆದ್ದರಿಂದ ಡೈಪರ್ ಒದ್ದೆಯಾದ ಕೂಡಲೇ ಬದಲಿಸಬೇಕು.

ಏರ್ ಬೆಡ್ ಇದೆಯಲ್ಲ ಎಂದು ಮಗ್ಗುಲು ಬದಲಿಸುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸುತ್ತಾರೆ, ಚರ್ಮದ ಸ್ಥಿತಿ ನೋಡಿ ನರ್ಸ್ ಅಂತರ ಹೆಚ್ಚು ಕಡಿಮೆ ಮಾಡಬಹುದು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ತೊಡೆಯ ಕೀಲಿನ ಮೂಳೆ ಒತ್ತುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ಓರೆಯಾಗಿಸಿದರೆ ಸಾಕು. ತಲೆ ಕಡೆಯನ್ನೂ, ಊಟದ ಹೊತ್ತು ಬಿಟ್ಟು, 30 ಡಿಗ್ರಿಗಿಂತ ಎತ್ತರಿಸಿಡಬೇಡಿ: ಮೈ ಕೆಳಗೆ ಜಾರುವಾಗ ಚರ್ಮ ಶೀಟಿಗೆ ಹಿಡಿದುಕೊಂಡು ಒಳಗಿನ ರಕ್ತನಾಳಗಳು ಎಳೆದಂತಾಗುತ್ತವೆ. ಹಿಮ್ಮಡಿಯನ್ನು ಯಾವ ಏರ್ ಬೆಡ್ಡೂ ಪೂರ್ತಿ ಕಾಪಾಡುವುದಿಲ್ಲ. ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ. ಚರ್ಮ ಕೆಂಪಾದ ಕಡೆ ಬೆರಳಲ್ಲಿ ಒತ್ತಿದಾಗ ಬಿಳಿಚದೆ ಕೆಂಪು ಹಾಗೇ ನಿಂತರೆ ಹುಣ್ಣು ಶುರುವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು, ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿ. ಅಲ್ಲಿ ತಿಕ್ಕಿ ಮಸಾಜ್ ಮಾಡಬಾರದು.

ಕೊರತೆಗಳೂ ಇವೆ. ಅಂಚು ಮೆತ್ತಗಿರುವುದರಿಂದ ಎದ್ದು ಕೂರಬಲ್ಲವರು ಜಾರುತ್ತಾರೆ. ಹಾಸಿಗೆ ಎತ್ತರವಾಗಿ ಮಂಚದ ಪಕ್ಕದ ಕಂಬಿ ಗಿಡ್ಡವಾಗುತ್ತದೆ, ಕೊಳ್ಳುವ ಮುನ್ನ ಅಳೆದು ನೋಡಿ. ಬೆನ್ನು ಎತ್ತಿಸುವಾಗ ಪಂಪಿನ ಪೈಪು ಮಡಚಿಕೊಂಡರೆ ಒಂದು ಕಡೆಯ ಸಾಲುಗಳಿಗೆ ಗಾಳಿಯೇ ಹೋಗುವುದಿಲ್ಲ. ಕರೆಂಟ್ ಹೋದಾಗ ಗಾಳಿ ಸೋರದಂತೆ ಪೈಪಿನ ತುದಿ ಮುಚ್ಚುವ ಬಿರಡೆ ಕೆಲವು ಟ್ಯೂಬ್ ಮಾದರಿಗಳಲ್ಲಿರುತ್ತದೆ, ಅಂಥದ್ದನ್ನೇ ಕೇಳಿ ಪಡೆಯಿರಿ. ಸಿಪಿಆರ್ ವಾಲ್ವ್ (ತುರ್ತಿನಲ್ಲಿ ಗಾಳಿಯನ್ನೆಲ್ಲ ಒಮ್ಮೆಲೇ ಬಿಡುವ ಕವಾಟ) ಇದೆಯೇ, ಎಲ್ಲಿದೆ ಎಂಬುದು ಪಾಳಿಯಲ್ಲಿ ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ತಿಳಿದಿರಬೇಕು. ಹೃದಯ ನಿಂತು ಎದೆ ಒತ್ತಬೇಕಾದ ಹೊತ್ತಿನಲ್ಲಿ ಅದನ್ನೆಳೆದರೆ ಗಾಳಿ ಕ್ಷಣಗಳಲ್ಲಿ ಇಳಿಯುತ್ತದೆ.