ಮನೆ ದಾರಿಗೆ ಡಾಂಬರೋ, ಇಂಟರ್‌ಲಾಕೋ, ಕಾಂಕ್ರೀಟೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾಂಕ್ರೀಟಿಗೆ. ನಮ್ಮದು ತೀರ್ಥಹಳ್ಳಿ ಕಡೆ. ರಸ್ತೆಯಿಂದ ಮನೆಗೆ ಒಳ್ಳೇ ಏರು, ಜೊತೆಗೆ ಇಲ್ಲಿನ ಮಳೆ. ಬಯಲುಸೀಮೆಯವರ ಲೆಕ್ಕ ಬೇರೆ ಇರಬಹುದು.

ಮೊದಲು ಡಾಂಬರು ಹಾಕಿಸಿದ್ದು ಊರಿನ ರಸ್ತೆ ಕೆಲಸ ನಡೆಯುತ್ತಿದ್ದಾಗ. "ನಮ್ಮನೆ ದಾರಿಗೂ ಒಂದಿಷ್ಟು ಹಾಕಿಬಿಡಿ" ಅಂತ ಗುತ್ತಿಗೆದಾರರನ್ನು ಕೇಳುವುದು ನಮ್ಮಲ್ಲಿ ಮಾಮೂಲು. ಬೇರೆ ಸಮಯದಲ್ಲಿ ಕರೆದರೆ ಇಷ್ಟು ಸಣ್ಣ ಕೆಲಸಕ್ಕೆ ಯಾರೂ ಬರುವುದಿಲ್ಲ. ಡಾಂಬರು ಮಿಶ್ರಣ ಪ್ಲಾಂಟಿನಿಂದ ಹೊರಡುವಾಗ ಸುಮಾರು 150 ಡಿಗ್ರಿ ಬಿಸಿ ಇರುತ್ತದೆ. ಆ ಬಿಸಿಯಲ್ಲೇ ಹರಡಿ ರೋಲರ್ ಹೊಡೆಯಬೇಕು. ಆರಿತು ಅಂದರೆ ಎಷ್ಟು ತಟ್ಟಿದರೂ ಜಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಲೋಡು ಕಮ್ಮಿ ಇದ್ದಷ್ಟೂ ಬೇಗ ಆರುತ್ತದೆ. ನಮ್ಮ ಪಾಲಿಗೆ ಬಂದದ್ದು ಸಂಜೆ ಹೊತ್ತಿಗೆ ಟಿಪ್ಪರಿನ ತಳದಲ್ಲಿ ಉಳಿದ ಮಾಲು!

ಅದೂ ಹೋಗಲಿ, ದೊಡ್ಡ ರೋಲರ್ ಗೇಟಿನೊಳಗೆ ಹಿಡಿಸಲಿಲ್ಲ. ಸಲಿಕೆಯಲ್ಲಿ ಎಳೆದು, ದಿಮ್ಮಸಿನಲ್ಲಿ ಬಡಿದು ಮುಗಿಸಿದರು. ನೋಡುವುದಕ್ಕೆ ಕಪ್ಪಗೆ, ನುಣ್ಣಗೆ, ಚೆಂದವೇ ಇತ್ತು. ಮಳೆಗಾಲ ಶುರುವಾದ ಮೇಲೆ ಬಣ್ಣ ಬಯಲಾಯಿತು. ಎರಡೂ ಬದಿಗೆ ಕಲ್ಲಿನ ಕಟ್ಟು ಇರಲಿಲ್ಲ. ಪಕ್ಕದ ದಿಬ್ಬದ ಧರೆಯಿಂದ ಇಳಿದ ನೀರು ಅಂಚಿನ ಕೆಳಗೆ ನುಗ್ಗಿ ಮಣ್ಣು ಕೊರೆಯಿತು. ಅಂಚು ರೊಟ್ಟಿ ಮುರಿದ ಹಾಗೆ ತುಂಡು ತುಂಡಾಗಿ ಕಿತ್ತು ಬಂತು. ದೊಡ್ಡ ಮಳೆ ಬಂದಾಗೆಲ್ಲ ಗೇಟಿನ ಹತ್ತಿರ ಜಲ್ಲಿ ಗುಡಿಸುವುದೇ ಕೆಲಸ. ಮತ್ತೆ ಗುತ್ತಿಗೆದಾರರಿಗೆ ಫೋನ್ ಮಾಡಿದರೆ "ಆ ಕಡೆ ಕೆಲಸ ಬಂದಾಗ ನೋಡೋಣ" ಅಂದರು. ಬರಲೇ ಇಲ್ಲ.

ಬೇಸಿಗೆಯಲ್ಲಿ ಇನ್ನೊಂದು ಕಾಟ. ಏಪ್ರಿಲ್ ಬಿಸಿಲಿಗೆ ಡಾಂಬರು ಮೆತ್ತಗಾಗಿ ಸ್ಕೂಟರಿನ ಸೈಡ್ ಸ್ಟ್ಯಾಂಡ್ ಕುಸಿಯುತ್ತದೆ. ಮಧ್ಯಾಹ್ನ ನಿಲ್ಲಿಸಿದ ಗಾಡಿ ಸಂಜೆಗೆ ಮಲಗಿರುತ್ತಿತ್ತು. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ಚಕ್ರದ ಕೆಳಗೆ ಮೇಲ್ಮೈ ಕೆದರುತ್ತದೆ. ಪೆಟ್ರೋಲ್, ಡೀಸೆಲ್ ಚೆಲ್ಲಿದ ಜಾಗವಂತೂ ಕರಗಿ ಕಿತ್ತುಹೋಗುತ್ತದೆ.

ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಹೊಂದಿಸಿ ಕೂರಿಸುವ ಸಿಮೆಂಟ್ ಕಲ್ಲು, ಇರುವುದು ಶಿವಮೊಗ್ಗದಲ್ಲಿ, ಭಾವನ ಮನೆಯಲ್ಲಿ. ರಜೆಗೆ ಹೋದಾಗೆಲ್ಲ ಅದರ ಚಾಕರಿ ನನಗೂ ಬರುತ್ತದೆ. ಸಮತಟ್ಟು ಜಾಗಕ್ಕೆ ಒಳ್ಳೆಯದು. ಕಾರು ಓಡಾಡುವುದಾದರೆ 60 ಮಿಲಿಮೀಟರ್ ದಪ್ಪದ್ದೇ ಬೇಕು. ಪೈಪ್ ಒಡೆದರೆ ನಾಲ್ಕು ಕಲ್ಲು ಎತ್ತಿ ಮತ್ತೆ ಕೂರಿಸಬಹುದು. ಇದಕ್ಕೆ ಫುಲ್ ಮಾರ್ಕ್ಸ್. ಆದರೆ ಸಂದಿಯಲ್ಲಿ ಹುಲ್ಲು ಕೀಳುವುದು ಮುಗಿಯದ ಕೆಲಸ. ನಮ್ಮ ಏರಿಗೆ ಹಾಕಿದರೆ ಅಡಿಯ ಜಲ್ಲಿಪುಡಿ ನೀರಿನ ಜೊತೆ ಇಳಿದು ಹೋಗುತ್ತದೆ ಅಂತ ಮೇಸ್ತ್ರಿಯೇ ಬೇಡ ಅಂದರು.

ಕಾಂಕ್ರೀಟಿಗೆ ದುಡ್ಡು ಜಾಸ್ತಿ, ಸುಳ್ಳಲ್ಲ. ಗೊಬ್ಬರದ ಲಾರಿ ಬರುತ್ತದೆ ಅಂತ 6 ಇಂಚು ಹಾಕಿಸಿದೆವು. ಗೋಣಿಚೀಲ ಹಾಸಿ ನೀರು ಹೊಡೆಯುವಷ್ಟು ದಿನವೂ ಕಾರು ರಸ್ತೆಯಲ್ಲೇ. ಹಸಿ ಇದ್ದಾಗಲೇ ಅಡ್ಡಕ್ಕೆ ಕಡ್ಡಿ ಪೊರಕೆಯಲ್ಲಿ ಗೆರೆ ಎಳೆಸಿ, ಇಲ್ಲದಿದ್ದರೆ ಆಟಿ ತಿಂಗಳ ಜೋರು ಮಳೆಯಲ್ಲಿ ಹಾವಸೆ ಕಟ್ಟಿ ಕಾಲು ಜಾರುವುದು ಗ್ಯಾರಂಟಿ. ಗೆರೆ ಇದ್ದರೂ ವರ್ಷಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಲೇಬೇಕು. ಉಳಿದಂತೆ ಅದರ ಕಡೆ ತಿರುಗಿ ನೋಡುವ ಕೆಲಸವಿಲ್ಲ. ಅಡಿಕೆ ಗೋಟು (ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ) ಹರವುವುದಕ್ಕೂ ಆಗುತ್ತದೆ. ಡಾಂಬರಿನ ಮೇಲೆ ಅಡಿಕೆ ಯಾರು ಹರವುತ್ತಾರೆ, ಅಲ್ವಾ?

ಉದ್ದ ದಾರಿ, ರೋಲರ್ ಒಳಗೆ ಬರುವಷ್ಟು ಅಗಲ, ಬದಿಗೆ ಕಲ್ಲುಕಟ್ಟು, ಸರಿಯಾದ ಚರಂಡಿ, ಇಷ್ಟೂ ಇದ್ದರೆ ಡಾಂಬರು ಹಾಕಿಸಿ, ಬೇಡ ಅನ್ನುವುದಿಲ್ಲ. ಬಜೆಟ್ ಸಾಲದವರು ಚಕ್ರ ಓಡುವಷ್ಟಕ್ಕೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ ನಡುವೆ ಜಲ್ಲಿ ತುಂಬಿದರೂ ನಡೆಯುತ್ತದೆ. ಪಟ್ಟಿ ಎರಡೆರಡು ಅಡಿಗಿಂತ ಕಿರಿದು ಮಾತ್ರ ಬೇಡ, ರಾತ್ರಿ ರಿವರ್ಸ್ ತೆಗೆಯುವಾಗ ಚಕ್ರ ಕೆಳಗಿಳಿಯುತ್ತದೆ.